ಅಜ್ಜಿಯ ಸೀರೆಯಿಂದ ಶುರು ಮಾಡಿ: ಕಡಲ ದಂಡೆಯಲ್ಲಿ, ಅಡಿಕೆ ತೋಟದಲ್ಲಿ ಮನೆಮಂದಿಯ ಫೋಟೋಗೆ ಬಟ್ಟೆ ಆರಿಸುವ ಬಗೆ

ಮೂರು ವರ್ಷದ ಹಿಂದೆ ಅತ್ತೆ-ಮಾವನ ಮದುವೆಗೆ ಐವತ್ತು ತುಂಬಿತು ಅಂತ ಕಾರವಾರದ ಟಾಗೋರ್ ಬೀಚಿನಲ್ಲಿ ಫೋಟೋ ತೆಗೆಸಿದೆವು. ನಾವು ಹನ್ನೊಂದು ಜನ. ಎಲ್ಲರಿಗೂ ಪೀಚ್ ಬಣ್ಣದ ಬಟ್ಟೆ. ಅದು ನನ್ನದೇ ಐಡಿಯಾ. ಮೂರು ವಾರ ಅಂಗಡಿ ಅಂಗಡಿ ಅಲೆದು ಒಂದೇ ಬಣ್ಣ ಹುಡುಕಿದ್ದೆ. ಫೋಟೋ ಕೈಗೆ ಬಂದಾಗ ನೋಡಿದರೆ, ಮರಳೂ ಪೀಚ್, ನಾವೂ ಪೀಚ್. ದೂರದಿಂದ ತೆಗೆದ ಫೋಟೋದಲ್ಲಿ ಹನ್ನೊಂದು ತಲೆಗಳು ಮರಳಿನ ಮೇಲೆ ತೇಲುತ್ತಿದ್ದವು. ಮಾವನ ಸಿಂಥೆಟಿಕ್ ಕುರ್ತಾದ ಕಂಕುಳಲ್ಲಿ ಬೆವರಿನ ನಕ್ಷೆ. ತೊಂಬತ್ತರ ಅಜ್ಜಿಗೆ ಸಂಜೆ ನಾಲ್ಕರ ಬಿಸಿಲಲ್ಲಿ ಹೊಸ ರೇಷ್ಮೆ ಸೀರೆ ಉಡಿಸಿದ್ದೆ. ಅವರು ಒಂದು ಫೋಟೋದಲ್ಲೂ ನಗಲಿಲ್ಲ. ಅವರ ತಪ್ಪೇನಿಲ್ಲ ಬಿಡಿ.

ಆಮೇಲೆ ಶಿರಸಿ ಹತ್ತಿರದ ತವರಿನಲ್ಲಿ ಒಮ್ಮೆ, ಗೋಕರ್ಣದಲ್ಲಿ ಒಮ್ಮೆ, ನಾದಿನಿಯ ಮನೆಯವರಿಗಾಗಿ ಹೊನ್ನಾವರದಲ್ಲಿ ಒಮ್ಮೆ ಇದೇ ಕೆಲಸ ಮಾಡಿದೆ. ಈಗ ನೆಂಟರಲ್ಲಿ ಯಾರು ಫೋಟೋ ತೆಗೆಸುವುದಿದ್ದರೂ ನನಗೇ ಫೋನು. ಅವರಿಗೆಲ್ಲ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹೆಜ್ಜೆ 1: ಮೊದಲು ಜಾಗ, ಆಮೇಲೆ ಬಟ್ಟೆ

ಬಟ್ಟೆ ಕೊಂಡು ಆಮೇಲೆ ಜಾಗ ಹುಡುಕುವವರೇ ಜಾಸ್ತಿ. ಉಲ್ಟಾ ಮಾಡಿ. ಹಿಂದೆ ಯಾವ ಬಣ್ಣ ಇರುತ್ತದೆ ಅಂತ ಗೊತ್ತಿಲ್ಲದೆ ಮುಂದೆ ಯಾವ ಬಣ್ಣ ನಿಲ್ಲಿಸುತ್ತೀರಿ?

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇಪ್ಪತ್ತು ಕಿಲೋಮೀಟರಿಗೊಂದು ಬಣ್ಣ. ಕಾರವಾರ, ಗೋಕರ್ಣದ ದಂಡೆಯಲ್ಲಿ ತಿಳಿ ಕಂದು ಮರಳು, ಹಿಂದೆ ಬೂದು-ನೀಲಿ ನೀರು. ಇಲ್ಲಿ ಕಡುನೀಲಿ, ಕೆನೆ ಬಣ್ಣ, ಇಟ್ಟಿಗೆ ಕೆಂಪು, ಮುರುಗಲು (ಕೋಕಂ) ಸಿಪ್ಪೆಯಂಥ ಕಡುಗೆಂಪು ಚೆನ್ನಾಗಿ ಕಾಣುತ್ತವೆ. ಪೀಚ್, ಗೋಧಿ ಬಣ್ಣ, ಬಿಸ್ಕತ್ತು ಬಣ್ಣ ಮುಳುಗುತ್ತವೆ. ಅದೇ ಮಾಜಾಳಿ ಹತ್ತಿರದ ತಿಳ್ಮಾತಿಗೆ ಹೋದರೆ ಎಳ್ಳಿನಂಥ ಕಪ್ಪು ಮರಳು. ಅಲ್ಲಿ ಕಡುನೀಲಿ ಉಟ್ಟು ಕೂತರೆ ಸೊಂಟದ ಕೆಳಗೆ ನೀವು ಇಲ್ಲ. ಅಲ್ಲಿಗೆ ಕೆನೆ, ತಿಳಿ ಹಳದಿ, ಆಕಾಶ ನೀಲಿ ಬೇಕು. ಆದರೆ ತಿಳ್ಮಾತಿಗೆ ಗುಡ್ಡ ಹತ್ತಿ ಇಳಿದು ಹೋಗಬೇಕು. ಅಜ್ಜ-ಅಜ್ಜಿ ಇದ್ದರೆ ಆ ಆಸೆ ಬಿಡಿ.

ಯಾಣದ ಬಂಡೆಗಳೂ ಕಪ್ಪು. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್ ಎತ್ತರ. ಆ ಗಾತ್ರದ ಮುಂದೆ ಮನುಷ್ಯರು ಇರುವೆ. ಒಬ್ಬಿಬ್ಬರಾದರೂ ಅರಿಶಿನದಂಥ ಎದ್ದು ಕಾಣುವ ಬಣ್ಣ ಹಾಕಿದರೆ ಮಾತ್ರ ಕಣ್ಣು ನಿಮ್ಮ ಹತ್ತಿರ ಬರುತ್ತದೆ.

ಮಿರ್ಜಾನ್ ಕೋಟೆಯ ಕಥೆ ಬೇರೆ. ಅದು ಚಿರೆಕಲ್ಲಿನ ಕೋಟೆ. ಬೇಸಿಗೆಯಲ್ಲಿ ಹೋದರೆ ಕೆಂಪು-ಕಂದು. ಆಗಸ್ಟ್‌ನಲ್ಲಿ ಹೋದರೆ ಗೋಡೆಗೆಲ್ಲ ಪಾಚಿ, ನೆಲಕ್ಕೆಲ್ಲ ಹುಲ್ಲು, ಇಡೀ ಕೋಟೆ ಹಸಿರು. ಇಂಟರ್‌ನೆಟ್ಟಿನ ಮಳೆಗಾಲದ ಫೋಟೋ ನೋಡಿ ಇಟ್ಟಿಗೆ ಬಣ್ಣದ ಸೀರೆ ತೆಗೆದುಕೊಂಡು ಮಾರ್ಚ್‌ನಲ್ಲಿ ಹೋದವರು ಗೋಡೆಯಲ್ಲೇ ಸೇರಿಹೋಗುತ್ತಾರೆ. ನೀವು ಹೋಗುವ ತಿಂಗಳಿನಲ್ಲಿ ತೆಗೆದ ಫೋಟೋ ನೋಡಿಯೇ ಬಣ್ಣ ನಿರ್ಧರಿಸಿ. ಇಂಥ ಹಳೆಯ ಜಾಗಗಳಿಗೆ ಟ್ರೈಪಾಡ್, ದೊಡ್ಡ ಕ್ಯಾಮೆರಾ ಒಯ್ಯುವುದಿದ್ದರೆ ಮೊದಲೇ ಅನುಮತಿ ಕೇಳಿ. ಕಾರವಾರದ ದಕ್ಷಿಣಕ್ಕೆ ನೌಕಾನೆಲೆ ಇದೆ. ಆ ಕಡೆ ಕ್ಯಾಮೆರಾ ತಿರುಗಿಸಬೇಡಿ, ಡ್ರೋನ್ ಅಂತೂ ಬೇಡವೇ ಬೇಡ.

ಇನ್ನು ಅಡಿಕೆ ತೋಟ. ಅಲ್ಲಿ ಹಸಿರು ಬರೀ ಹಿಂದೆ ಇರುವುದಿಲ್ಲ, ಮೇಲಿಂದ ಮುಖದ ಮೇಲೂ ಸುರಿಯುತ್ತದೆ. ಅಚ್ಚ ಬಿಳಿ ಬಟ್ಟೆ ಹಾಕಿದರೆ ಅದಕ್ಕೆ ಹಸಿರು ಛಾಯೆ ಬರುತ್ತದೆ. ಗಿಳಿಹಸಿರು ಹಾಕಿದರೆ ನೀವೂ ಒಂದು ಬಾಳೆಗಿಡ. ತೋಟಕ್ಕೆ ಅರಿಶಿನ, ಕುಂಕುಮ, ಕೆನೆ, ಒಣಗಿದ ರಾಶಿ ಅಡಿಕೆಯ ಕೆಂಗಂದು ಒಪ್ಪುತ್ತವೆ.

ಹೊತ್ತು ಕೂಡ ಬಟ್ಟೆಯ ಲೆಕ್ಕದಲ್ಲೇ ಬರುತ್ತದೆ

ನಮ್ಮಲ್ಲಿ ಸೂರ್ಯ ಕಡಲಿಗೇ ಇಳಿಯುತ್ತಾನೆ. ನವೆಂಬರ್ ನಡುವಿನಲ್ಲಿ ಸುಮಾರು 6 ಗಂಟೆಗೆ, ಜನವರಿ ಕೊನೆಗೆ 6.30ರ ಆಸುಪಾಸಿಗೆ, ಮೇ ಕೊನೆಗೆ 7ರ ಹತ್ತಿರ. ದಂಡೆಯಲ್ಲಿ ಒಳ್ಳೆಯ ಬೆಳಕು ಇರುವುದು ಅದಕ್ಕೆ ಮುಂಚಿನ ಒಂದು ತಾಸು. ಆ ಬೆಳಕು ಹಳದಿ. ಅದು ಬಿದ್ದಾಗ ಕೆನೆ ಬಣ್ಣ ಬೆಣ್ಣೆಯ ಹಾಗೆ, ಇಟ್ಟಿಗೆ ಕೆಂಪು ಕೆಂಡದ ಹಾಗೆ ಕಾಣುತ್ತದೆ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ನೋಡಿದ ಬಣ್ಣ ಇದಲ್ಲ. ಬಟ್ಟೆಯನ್ನು ಸಂಜೆ ಐದೂವರೆಗೆ ಹಿತ್ತಲಿಗೆ ಒಯ್ದು ಒಮ್ಮೆ ನೋಡಿ.

ತೋಟದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಶಿರಸಿ, ಸಿದ್ದಾಪುರ ಕಡೆಯ ತೋಟಗಳು ಗುಡ್ಡಗಳ ನಡುವಿನ ಕಣಿವೆಯಲ್ಲಿ ಇರುತ್ತವೆ. ಚಳಿಗಾಲದಲ್ಲಿ ಐದಕ್ಕೇ ಕತ್ತಲು ಕತ್ತಲು. ಮೂರರಿಂದ ನಾಲ್ಕೂವರೆಯೊಳಗೆ ಮುಗಿಸಿ, ಇಲ್ಲವೇ ಬೆಳಿಗ್ಗೆ ಇಬ್ಬನಿ ಆರಿದ ಮೇಲೆ.

ಹೆಜ್ಜೆ 2: ಯಾರು ಬದಲಾಗುವುದಿಲ್ಲವೋ ಅವರಿಂದ ಶುರು

ನಾನು ಪೀಚ್ ಬಣ್ಣ ಆರಿಸಿದ್ದು ನನಗೆ ಅದು ಒಪ್ಪುತ್ತದೆ ಅಂತ. ಅದೇ ಮೂಲ ತಪ್ಪು. ಮನೆಯಲ್ಲಿ ಒಬ್ಬರಾದರೂ ಬಟ್ಟೆ ವಿಷಯದಲ್ಲಿ ಜಗ್ಗದವರು ಇರುತ್ತಾರೆ. ಅವರ ಬಟ್ಟೆ ಮೊದಲು ಗಟ್ಟಿ ಮಾಡಿ. ಉಳಿದವರು ಅವರ ಸುತ್ತ.

ನಮ್ಮ ಅಪ್ಪ ಬಿಳಿ ಪಂಚೆ, ತೋಳು ಗಿಡ್ಡ ಇರುವ ಶರಟು ಬಿಟ್ಟು ಬೇರೆ ಹಾಕುವುದಿಲ್ಲ. 'ಕುರ್ತಾ ಎಂತಕ್ಕೆ? ಇದಕ್ಕೆ ಏನಾಗಿದೆ?' ಅಂದರು. ಸರಿ, ಪಂಚೆಯೇ ಇರಲಿ ಅಂದೆ. ಆದರೆ ಬೇರೆ ಯಾರಿಗೂ ಅಚ್ಚ ಬಿಳಿ ಕೊಡಲಿಲ್ಲ. ಅಪ್ಪನನ್ನು ಜಗಲಿಯ ಮೇಲೆ ಕೂರಿಸಿ, ಮುಂದೆ ಇಬ್ಬರು ಮೊಮ್ಮಕ್ಕಳನ್ನು ನಿಲ್ಲಿಸಿದೆವು. ಪಂಚೆಯ ಅರ್ಧ ಬಿಳಿ ಮುಚ್ಚಿತು. ಅಪ್ಪ ಮಾಮೂಲಿನಂತೆ ಆರಾಮಾಗಿ ಕೂತಿದ್ದರು. ಆ ಫೋಟೋ ಈಗ ಗೋಡೆಯ ಮೇಲಿದೆ.

ಅಜ್ಜಿ ಇದ್ದರೆ ಇನ್ನೂ ಸುಲಭ. ಅವರಿಗೆ ಇಷ್ಟವಾದ, ಹತ್ತು ಸಲ ಒಗೆದು ಮೆತ್ತಗಾದ ಒಂದು ಸೀರೆ ಪೆಟ್ಟಿಗೆಯಲ್ಲಿ ಇದ್ದೇ ಇರುತ್ತದೆ. ಅದನ್ನು ಹೊರಗೆ ತೆಗೆಯಿರಿ. ಒಡಲು, ಅಂಚು, ಸೆರಗು ನೋಡಿ. ಇಡೀ ಮನೆಗೆ ಬೇಕಾದ ಬಣ್ಣಗಳು ಅಲ್ಲೇ ಇವೆ. ಗೋಕರ್ಣದ ಫೋಟೋಗೆ ನಾವು ಹಿಡಿದದ್ದು ಅಜ್ಜಿಯ ಹಳೆಯ ಇಳಕಲ್ ಸೀರೆ. ಒಡಲು ಕಡುನೀಲಿ, ಸೆರಗು ಕೆಂಪು, ಅದರಲ್ಲಿ ಬಿಳಿ ಹಲ್ಲುಗಳು. ನೇಯ್ದವರು ಎಷ್ಟೋ ತಲೆಮಾರಿನಿಂದ ಯೋಚಿಸಿ ಜೋಡಿಸಿದ ಬಣ್ಣ ಅದು. ನಾನು ಮೊಬೈಲಿನಲ್ಲಿ 'ಕಲರ್ ಪ್ಯಾಲೆಟ್' ಹುಡುಕುತ್ತಾ ಕೂರುವ ಅಗತ್ಯವೇ ಬೀಳಲಿಲ್ಲ.

ಮಗು ಇದ್ದರೆ ಅಜ್ಜಿಯ ನಂತರ ಮಗುವಿನ ಸರದಿ. ಆಮೇಲೆ ಗಂಡಸರು, ಯಾಕೆಂದರೆ ಅವರ ಅಲಮಾರಿಯಲ್ಲಿ ಇರುವುದೇ ನಾಲ್ಕು ಬಣ್ಣ. ಕೊನೆಗೆ ನೀವು. ನಿಮ್ಮ ಹತ್ತಿರ ಆಯ್ಕೆ ಜಾಸ್ತಿ ಇದೆ, ಹಾಗಾಗಿ ಹೊಂದಿಸಿಕೊಳ್ಳುವುದೂ ನಿಮಗೇ ಸುಲಭ.

ಹೆಜ್ಜೆ 3: ಬಣ್ಣ ಹಂಚುವುದು

ಎಲ್ಲರಿಗೂ ಒಂದೇ ಬಣ್ಣ ಅಂದರೆ ಅದು ಯೂನಿಫಾರ್ಮ್. ಎಲ್ಲರಿಗೂ ಬೇರೆ ಬೇರೆ ಅಂದರೆ ಜಾತ್ರೆ. ಇದರ ನಡುವೆ ಎಲ್ಲೋ ನಿಲ್ಲಬೇಕು.

ಎಂಟು ಜನ ಅಂತ ಇಟ್ಟುಕೊಳ್ಳಿ. ಅಜ್ಜಿಯ ಸೀರೆ ಕಡುನೀಲಿ-ಕೆಂಪು-ಬಿಳಿ. ಮೂವರಿಗೆ ಕೆನೆ ಅಥವಾ ಕೋರಾ ಬಟ್ಟೆಯ ಬಣ್ಣ. ಇನ್ನಿಬ್ಬರಿಗೆ ನೀಲಿ, ಆದರೆ ಅಜ್ಜಿಯ ನೀಲಿಯೇ ಆಗಬೇಕಿಲ್ಲ. ಒಬ್ಬರದು ಒಗೆದ ಜೀನ್ಸಿನ ನೀಲಿ, ಇನ್ನೊಬ್ಬರದು ಬೂದು ಬೆರೆತ ನೀಲಿ. ಒಬ್ಬರಿಗೆ ಮಾತ್ರ ಕೆಂಪು. ಉಳಿದ ಒಬ್ಬರಿಗೆ ಈ ಮೂರೂ ಬಣ್ಣ ಇರುವ ಪ್ರಿಂಟ್. ಕೆಂಪು ಹಾಕಿದವರನ್ನು ತುದಿಗೆ ನಿಲ್ಲಿಸಬೇಡಿ, ಕಣ್ಣು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಆ ಕೆಂಪು ಬೇರೆಯವರಲ್ಲಿ ಚೂರುಚೂರು ಬರಲಿ: ಒಬ್ಬರ ಕುಪ್ಪಸದ ಅಂಚು, ಮಗುವಿನ ರಿಬ್ಬನ್ನು, ಯಾರದೋ ಹೆಗಲ ಮೇಲಿನ ಶಲ್ಯ. ಒಂದೇ ಬಣ್ಣದ ಇಬ್ಬರು ಅಕ್ಕಪಕ್ಕ ನಿಂತರೆ ಎರಡು ದೇಹ ಸೇರಿ ಒಂದಾಗಿ ಕಾಣುತ್ತದೆ, ನಡುವೆ ಬೇರೆ ಬಣ್ಣ ತನ್ನಿ.

ಫ್ಲೋರೊಸೆಂಟ್ ಗುಲಾಬಿ, ಹೊಳೆಯುವ ಕಿತ್ತಳೆ ಬೇಡ. ಬಿಸಿಲಿನಲ್ಲಿ ಆ ಬಣ್ಣ ಗದ್ದದ ಕೆಳಗೆ, ಪಕ್ಕದವರ ಕೆನ್ನೆಗೆ ಚೆಲ್ಲುತ್ತದೆ. ಆಮೇಲೆ ಎಡಿಟ್ ಮಾಡಿ ತೆಗೆಯುವುದು ಬಲು ಕಷ್ಟ.

ಈಗ ಒಂದು ಪರೀಕ್ಷೆ. ಇದನ್ನು ಮಾತ್ರ ಬಿಡಬೇಡಿ. ಎಲ್ಲರ ಬಟ್ಟೆಯನ್ನೂ ಕಿಟಕಿ ಪಕ್ಕದ ಮಂಚದ ಮೇಲೆ, ಅವರು ನಿಲ್ಲುವ ಕ್ರಮದಲ್ಲೇ ಹರಡಿ. ಲೈಟ್ ಆರಿಸಿ. ಮಂಚದ ಮೇಲೇರಿ ಅಲ್ಲ, ಪಕ್ಕದಲ್ಲಿ ಸ್ಟೂಲಿನ ಮೇಲೆ ನಿಂತು ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಿರಿ. ಅದನ್ನು ಕಪ್ಪು-ಬಿಳುಪು ಮಾಡಿ ನೋಡಿ. ಎಲ್ಲವೂ ಒಂದೇ ಬೂದು ಆಗಿ ಕಂಡರೆ ತಿಳಿ ಮತ್ತು ಗಾಢದ ವ್ಯತ್ಯಾಸ ಸಾಲದು ಅಂತ ಅರ್ಥ. ಒಂದು ಮಾತ್ರ ತೂತಿನ ಹಾಗೆ ಕಪ್ಪಗೆ ಕಂಡರೆ ಅದನ್ನು ಬದಲಿಸಿ. ನನ್ನ ಪೀಚ್ ಸಂಸಾರವನ್ನು ಹೀಗೆ ನೋಡಿದ್ದರೆ ಐದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ದೂರದ ಊರಲ್ಲಿರುವ ತಮ್ಮ, ತಂಗಿ ಅವರ ಬಟ್ಟೆಯ ಫೋಟೋ ಕಳಿಸಲಿ. ಆದರೆ ಹಗಲಿನ ಬೆಳಕಲ್ಲಿ ತೆಗೆದದ್ದೇ ಕಳಿಸಬೇಕು ಅಂತ ಗದರಿಸಿ ಹೇಳಿ.

ಹೆಜ್ಜೆ 4: ಬಟ್ಟೆ ಯಾವುದು

ಕರಾವಳಿಯಲ್ಲಿ ಜನವರಿಯಲ್ಲೂ ಬೆವರು ಹರಿಯುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ, ಬೆವರು ಆರುವುದೇ ಇಲ್ಲ. ಪಾಲಿಯೆಸ್ಟರ್ ಕುರ್ತಾ ಫೋಟೋದಲ್ಲಿ ಮಿಂಚುತ್ತದೆ, ಮೈಗೆ ಅಂಟುತ್ತದೆ. ಹತ್ತಿ, ಮಲ್ ಕಾಟನ್, ಖಾದಿ, ಲಿನನ್ ಇವು ಸಾಕು. ಲಿನನ್ ಕಾರಿನಲ್ಲಿ ಕೂತರೆ ಸುಕ್ಕು ಬೀಳುತ್ತದೆ ಅನ್ನುವುದು ನಿಜ. ಎಲ್ಲರದೂ ಹತ್ತಿಯಾದರೆ ಆ ಸುಕ್ಕು ಸಹಜವಾಗಿಯೇ ಕಾಣುತ್ತದೆ. ಎಲ್ಲರೂ ಹತ್ತಿಯಲ್ಲಿದ್ದು ಒಬ್ಬರು ಮಾತ್ರ ಜರಿ ರೇಷ್ಮೆಯಲ್ಲಿದ್ದರೆ, ಆ ಒಬ್ಬರು ಮದುವೆ ಮನೆಯಿಂದ ತಪ್ಪಿಸಿಕೊಂಡು ಬಂದ ಹಾಗಿರುತ್ತದೆ.

ಬೆವರಿನ ಕಲೆ ಎಲ್ಲ ಬಣ್ಣದಲ್ಲೂ ಒಂದೇ ಥರ ಕಾಣುವುದಿಲ್ಲ. ತಿಳಿ ಬೂದು, ಆಕಾಶ ನೀಲಿ ಎಲ್ಲಕ್ಕಿಂತ ಕೆಟ್ಟವು. ಬಿಳಿ, ಕಡುನೀಲಿ ಮತ್ತು ಪ್ರಿಂಟ್ ಇರುವ ಬಟ್ಟೆ ಮುಚ್ಚಿಡುತ್ತವೆ. ಜಾಸ್ತಿ ಬೆವರುವವರಿಗೆ ಒಳಗೆ ತೆಳು ಬನಿಯನ್ ಹಾಕಿಸಿ. ತಿಳ್ಮಾತಿಗೆ ಆಕಾಶ ನೀಲಿ ಅಂತ ಮೇಲೆ ಹೇಳಿದ್ದೆನಲ್ಲ, ಅದು ಬೆವರದ ಪುಣ್ಯವಂತರಿಗೆ ಮಾತ್ರ.

ತೀರಾ ಸಣ್ಣ ಗೆರೆ, ಸಣ್ಣ ಚೌಕಳಿ ಇರುವ ಶರಟು ಕ್ಯಾಮೆರಾದಲ್ಲಿ ನೀರಿನ ಅಲೆಯಂತೆ ಕುಣಿಯುತ್ತದೆ. ಚೌಕಳಿ ಬೇಕಿದ್ದರೆ ಅಗಲದ್ದು ಹಾಕಿ. ದೊಡ್ಡ ಹೂವಿನ ಪ್ರಿಂಟ್ ಒಬ್ಬರಿಗೆ, ಸಣ್ಣ ಬುಟ್ಟಾ ಒಬ್ಬರಿಗೆ, ಉಳಿದವರು ಸಾದಾ. ಎದೆಯ ಮೇಲೆ ಅಕ್ಷರ, ಕಾರ್ಟೂನು, ಕಂಪನಿ ಹೆಸರು ಇರುವ ಟೀ ಶರಟು ಬೇಡ. ಹತ್ತು ವರ್ಷ ಬಿಟ್ಟು ನೋಡಿದಾಗ ಮುಖಕ್ಕಿಂತ ಮೊದಲು ಅದನ್ನೇ ಓದುತ್ತೇವೆ.

ಘಟ್ಟದ ಮೇಲೆ ಡಿಸೆಂಬರ್, ಜನವರಿಯ ಬೆಳಿಗ್ಗೆ ಚಳಿ. ಕಡೇ ಗಳಿಗೆಯಲ್ಲಿ ಯಾರೋ ಕೆಂಪು-ಹಳದಿ ಸ್ವೆಟರ್ ಏರಿಸಿಕೊಂಡರೆ ಮಾಡಿದ್ದೆಲ್ಲ ಹೊಳೆಗೆ ಹೋಯಿತು. ಸ್ವೆಟರ್, ಶಾಲು ಕೂಡ ಬಣ್ಣದ ಲೆಕ್ಕದೊಳಗೇ ಇರಲಿ.

ಇಲ್ಲಿ ಒಂದು ಮಾತು ಹೇಳಬೇಕು. ಕೆಲವು ಕಡೆ 'ಹಾಲಕ್ಕಿ ಥೀಮ್' ಅಂತ ಮಣಿಸರ ಹಾಕಿಸಿ, ನಮ್ಮ ಜಿಲ್ಲೆಯ ಹಾಲಕ್ಕಿ ಸಮುದಾಯದ ಹೆಂಗಸರ ಥರ ಸೀರೆ ಕಟ್ಟಿಸಿ ಫೋಟೋ ತೆಗೆಯುವುದಿದೆ. ನನಗೆ ಇದು ಸರಿ ಕಾಣುವುದಿಲ್ಲ. ಅದೇ ಸಮುದಾಯದ, ಗಿಡ ನೆಟ್ಟು ಬೆಳೆಸಿ ಹೆಸರಾದ ಅಂಕೋಲೆಯ ತುಳಸಿ ಗೌಡ 2021ರಲ್ಲಿ ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲಿ, ಅದೇ ಉಡುಗೆಯಲ್ಲಿ ಪದ್ಮಶ್ರೀ ತೆಗೆದುಕೊಂಡರು. ಅವರಿಗೆ ಅದು ದಿನದ ಬಟ್ಟೆಯಾಗಿತ್ತು. ನಮಗೆ ಅರ್ಧ ತಾಸಿನ ವೇಷ ಆಗಬಾರದು. ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಇರುವುದನ್ನೇ ಉಡಿ.

ಹೆಜ್ಜೆ 5: ಗಾಳಿ, ಸೆರಗು, ಕಾಲು

ಮಧ್ಯಾಹ್ನದಿಂದ ಸಂಜೆವರೆಗೆ ಗಾಳಿ ಕಡಲಿಂದ ದಂಡೆಗೆ ಬೀಸುತ್ತದೆ. ಕಡಲಿಗೆ ಬೆನ್ನು ಹಾಕಿ ನಿಂತರೆ ಹಿಂದಿನಿಂದ ಗಾಳಿ ಬಂದು ಕೂದಲನ್ನೆಲ್ಲ ಮುಖಕ್ಕೆ ತರುತ್ತದೆ. ಸೆರಗು ಎಡಹೆಗಲ ಮೇಲಿಂದ ಎದುರಿಗೆ ಬಂದು ಮಗುವಿನ ಮುಖ ಮುಚ್ಚುತ್ತದೆ. ಸ್ವಲ್ಪ ಓರೆಯಾಗಿ ತಿರುಗಿ, ಕಡಲು ನಿಮ್ಮ ಬಲಗೈ ಕಡೆಗೆ ಇರಲಿ. ಆಗ ಸೆರಗು ಎಡಕ್ಕೆ, ಹೊರಗೆ ಹಾರುತ್ತದೆ. ಸೀರೆ ಉಟ್ಟವರನ್ನು ಸಾಲಿನ ದಡದ ಕಡೆ ತುದಿಗೆ ನಿಲ್ಲಿಸಿದರೆ ಅದು ಯಾರಿಗೂ ಬಡಿಯುವುದಿಲ್ಲ. ಇದನ್ನು ಕಲಿಯಲು ನನಗೆ ಎರಡು ಫೋಟೋಶೂಟ್ ಬೇಕಾಯಿತು.

ಶಿಫಾನ್, ಜಾರ್ಜೆಟ್ ದುಪಟ್ಟಾ ಗಾಳಿಗೆ ಪಟವಾಗುತ್ತವೆ. ಕಾಟನ್ ಸೀರೆಗೂ ಹೆಗಲಿಗೊಂದು, ನೆರಿಗೆಗೊಂದು, ಸೊಂಟದ ಹತ್ತಿರ ಸೆರಗಿಗೊಂದು ಪಿನ್ನು ಹಾಕಿ. ಅಗಲ ಘೇರಿನ ಫ್ರಾಕು ಹಾಕುವವರು ಒಳಗೆ ಚಡ್ಡಿ ಹಾಕುವುದು ಕ್ಷೇಮ. ಕೂದಲಿಗೆ ಜಡೆ ಅಥವಾ ತುರುಬು ಒಳ್ಳೆಯದು, ಭಟ್ಕಳ ಮಲ್ಲಿಗೆ ಸಿಕ್ಕಿದರೆ ಇನ್ನೂ ಒಳ್ಳೆಯದು. ಬಣ್ಣದ ಲೆಕ್ಕಕ್ಕೆ ಕಿತ್ತಳೆ ಬೇಕಿದ್ದರೆ ಅಬ್ಬಲಿಗೆ (ಕನಕಾಂಬರ) ಇದೆಯಲ್ಲ.

ಮರಳಿನಲ್ಲಿ ಹೀಲ್ಸ್ ಹೂತುಹೋಗುತ್ತದೆ. ಬರಿಗಾಲೇ ಚೆಂದ. ಬಟ್ಟೆಯ ಅಂಚು ಹಿಮ್ಮಡಿಗಿಂತ ಎರಡು ಬೆರಳು ಮೇಲಿರಲಿ. ಉಪ್ಪುನೀರು ತಾಗಿದ ಅಂಚು ಗಾಢವಾಗಿ, ಭಾರವಾಗಿ ಜೋತು ಬೀಳುತ್ತದೆ. ನೀರಿಗಿಳಿಯುವ ಫೋಟೋ ಬೇಕಿದ್ದರೆ ಅದನ್ನು ಕಟ್ಟಕಡೆಗೆ ಇಟ್ಟುಕೊಳ್ಳಿ. ಗೋಕರ್ಣದಲ್ಲಿ ಮಹಾಬಲೇಶ್ವರನ ದರ್ಶನವೂ ಇದೆ ಅಂತಾದರೆ ದೇವಸ್ಥಾನ ಮೊದಲು ಮುಗಿಸಿ. ಗಂಡಸರು ಅಂಗಿ ತೆಗೆದು ಕಂಕುಳಿಗೆ ತುರುಕಿಕೊಂಡು ಸಾಲಿನಲ್ಲಿ ನಿಂತ ಮೇಲೆ ಇಸ್ತ್ರಿ ಎಲ್ಲಿ ಉಳಿಯುತ್ತದೆ?

ತೋಟದಲ್ಲಿ ಕಲೆಯ ಕಾಟ. ಬಾಳೆಯ ಸೊನೆ, ಗೇರುಹಣ್ಣಿನ ರಸ, ಅಡಿಕೆ ಬೇಯಿಸಿದ ಚೊಗರು. ಈ ಮೂರರಲ್ಲಿ ಯಾವುದು ತಾಗಿದರೂ ಆ ಬಟ್ಟೆ ಮುಂದೆ ತೋಟದ ಕೆಲಸಕ್ಕೇ. ಬಾಳೆಗೊನೆ ಹಿಡಿದು ಫೋಟೋ ಅನ್ನುವ ಉತ್ಸಾಹ ಇದ್ದರೆ ಕಂದು ಬಟ್ಟೆಯವರಿಗೆ ಹಿಡಿಸಿ. ಮಳೆಗಾಲವಾದರೆ ಉಂಬಳ, ಅಂದರೆ ಜಿಗಣೆ. ಉದ್ದ ಕಾಲುಚೀಲ ಹಾಕಿ ನಡೆದು ಹೋಗಿ, ಜಾಗ ತಲುಪಿದ ಮೇಲೆ ತೆಗೆಯಿರಿ. ಪುಡಿ ಉಪ್ಪು ಕಿಸೆಯಲ್ಲಿರಲಿ. ಕೆಂಪು ಮಣ್ಣು ಬಿಳಿ ಲಂಗದ ಅಂಚಿಗೆ ಹತ್ತಿದರೆ ಒದ್ದೆ ಇರುವಾಗ ತಿಕ್ಕಬೇಡಿ, ಒಣಗಿದ ಮೇಲೆ ಕೊಡವಿ.

ಹೆಜ್ಜೆ 6: ಮಕ್ಕಳು

ಹೊಸ ಬಟ್ಟೆಯನ್ನು ಅವತ್ತೇ ಮೊದಲ ಸಲ ಹಾಕಬೇಡಿ. ಒಂದು ಸಲ ಒಗೆದು, ಒಂದು ದಿನ ಆಡಲು ಬಿಟ್ಟು, ಆಮೇಲೆ ಮಡಚಿಡಿ. ಕುತ್ತಿಗೆಯ ಲೇಬಲ್ಲು ಕತ್ತರಿಸಿ. ಜರಿ, ಮಿಂಚು ಇದ್ದರೆ ಒಳಗೆ ಹತ್ತಿಯ ಅಸ್ತರ ಇದೆಯಾ ನೋಡಿ. ಹುಡುಗರಿಗೆ ಗಂಟು ಹಾಕುವ ಪಂಚೆ ಬೇಡ, ಎಲಾಸ್ಟಿಕ್ ಇರುವುದು ಸಿಗುತ್ತದೆ. ಎರಡನೇ ಜೊತೆಯೂ ಅದೇ ಬಣ್ಣದ್ದು ಇರಲಿ, ಮಗು ನೀರಿಗೆ ಬಿದ್ದೇ ಬೀಳುತ್ತದೆ.

ಹೆಜ್ಜೆ 7: ಹಿಂದಿನ ಭಾನುವಾರ ಒಂದು ರಿಹರ್ಸಲ್

ಎಲ್ಲರೂ ಹಾಕಿಕೊಂಡು ಅಂಗಳಕ್ಕೆ ಬರಲಿ. ನೆಲದ ಮೇಲೆ ಕೂರಲಿ, ಏಳಲಿ. ಮಗುವನ್ನು ಎತ್ತಿಕೊಳ್ಳಿ. ಕೈ ಎತ್ತಿದಾಗ ಅಂಗಿ ಮೇಲೆ ಹೋಗಿ ಹೊಟ್ಟೆ ಕಾಣುತ್ತದಾ? ಬಗ್ಗಿದಾಗ ಕುತ್ತಿಗೆ ಜಾರುತ್ತದಾ? ಹೋದ ವರ್ಷದ ಪ್ಯಾಂಟಿನ ಗುಂಡಿ ಹಾಕಲು ಆಗುತ್ತದಾ? ಬಿಸಿಲಿಗೆ ಬೆನ್ನು ಹಾಕಿ ನಿಂತಾಗ ತೆಳು ಬಟ್ಟೆಯ ಒಳಗಿನದು ಕಾಣುತ್ತದಾ ಅಂತಲೂ ನೋಡಿ. ಸಂಜೆ ಸೂರ್ಯ ಹಿಂದೆ ಇದ್ದಾಗ ಮಲ್ ಕಾಟನ್ ಗಾಜಿನಂತೆ ಆಗುತ್ತದೆ, ಒಳಲಂಗ ಬೇಕೇ ಬೇಕು. ನಮ್ಮಲ್ಲಿ ಈ ರಿಹರ್ಸಲ್ಲಿನಲ್ಲೇ ಭಾವನ ಕುರ್ತಾದ ತೋಳು ಒಂದು ಉದ್ದ, ಒಂದು ಗಿಡ್ಡ ಇರುವುದು ಗೊತ್ತಾಗಿದ್ದು. ಹೊಲಿದವರಿಗೆ ಅವನು ಒಮ್ಮೆಯೂ ಹಾಕಿ ತೋರಿಸಿರಲಿಲ್ಲ.

ಅವತ್ತಿನ ದಿನ

ಊಟ, ಚಹಾ ಮೊದಲು, ಬಟ್ಟೆ ಆಮೇಲೆ. ದೂರದಿಂದ ಬರುವವರು ಹಳೆಯ ಬಟ್ಟೆಯಲ್ಲೇ ಬಂದು ಅಲ್ಲಿ ಹತ್ತಿರದ ಮನೆಯಲ್ಲೋ ರೂಮಿನಲ್ಲೋ ಬದಲಿಸಲಿ. ಘಟ್ಟ ಇಳಿಯುವಾಗ ಮಕ್ಕಳಿಗೆ ವಾಂತಿ ಆಗುವುದು ಗೊತ್ತಿರುವ ವಿಷಯವೇ. ಕೈಚೀಲದಲ್ಲಿ ಪಿನ್ನು, ಸೂಜಿ-ದಾರ, ಬಾಚಣಿಗೆ, ಎರಡು ಹತ್ತಿಯ ಟವೆಲ್, ನೀರು, ಸೊಳ್ಳೆ ಕ್ರೀಮು. ಶರಟಿನ ಕಿಸೆಯಿಂದ ಮೊಬೈಲು, ಬೀಗದಕೈ, ಪೆನ್ನು ಎಲ್ಲ ತೆಗೆಸಿ ಆ ಚೀಲಕ್ಕೇ ಹಾಕಿ. ಮಾವನ ಬೀಗದ ಗೊಂಚಲು ಇಲ್ಲದ ಫೋಟೋ ನಮ್ಮ ಹಳೆಯ ಆಲ್ಬಮ್ಮಿನಲ್ಲಿ ಒಂದೂ ಇಲ್ಲ. ಅಜ್ಜಿಗೆ ಒಂದು ಕುರ್ಚಿ ಒಯ್ಯಿರಿ, ಪ್ಲಾಸ್ಟಿಕ್ಕಿನದಲ್ಲ, ಮರದ್ದು. ಅವರನ್ನು ಕೊನೆಗೆ ಕರೆದುಕೊಂಡು ಬನ್ನಿ, ಮೊದಲು ಕಳಿಸಿ. ಎಲ್ಲರೂ ಇರುವ ಫೋಟೋವನ್ನು ಅವರು ಬಂದ ಹತ್ತು ನಿಮಿಷದೊಳಗೆ ಮುಗಿಸಿಬಿಡಿ.

ಮನೆಗೆ ಬಂದ ಮೇಲೆ ಬಟ್ಟೆ ಕೊಡವಿ, ಹತ್ತಿಯದನ್ನು ಮೊದಲು ಬರೀ ಸಿಹಿನೀರಿನಲ್ಲಿ ಜಾಲಾಡಿಸಿ ಉಪ್ಪು ಬಿಡಿಸಿ, ಆಮೇಲೆ ಸೋಪು. ಅಜ್ಜಿಯ ಸೀರೆಯನ್ನು ನೆರಳಿನಲ್ಲಿ ಹರವಿ. ಮಕ್ಕಳ ಚಡ್ಡಿಯ ಕಿಸೆ ತಿರುವಿ ನೋಡಿಯೇ ಮಷಿನ್ನಿಗೆ ಹಾಕಿ. ನಮ್ಮ ಮಷಿನ್ನಿನ ಹೊಟ್ಟೆಯಲ್ಲಿ ಗೋಕರ್ಣದ ಎರಡು ಕಪ್ಪೆಚಿಪ್ಪು ಇನ್ನೂ ಗಲಗಲ ಅನ್ನುತ್ತಿವೆ.